ಎಲ್ಲೆ ಕಟ್ಟುವ ಮಾತು

ಹದ್ದುಬಸ್ತು

ಲಡಾಖ್ ಗಡಿಯ ಸುದ್ದಿ ಬಂದಾಗ ‘ಪರಿಸ್ಥಿತಿ ಹದ್ದುಬಸ್ತಿನಲ್ಲಿದೆ’ ಎನ್ನುವುದುಂಟು. ಇಲ್ಲಿ ಅರ್ಥ ಹತೋಟಿ. ಮೂಲ ಅರ್ಥ ಬೇರೆ. ಅರಬ್ಬಿಯ ‘ಹದ್’ ಎಂದರೆ ಎಲ್ಲೆ, ಪಾರಸಿಯ ‘ಬಸ್ತ್’ ಎಂದರೆ ಕಟ್ಟಿದ್ದು. ಹಾರುವ ಹದ್ದಿಗೂ ಇದಕ್ಕೂ ನಂಟಿಲ್ಲ. ಸರಹದ್ದು, ಹದ್ದುಮೀರು ಇದರ ಬಳಗ. ಬಂದೋಬಸ್ತಿನ ಬಾಲವೂ ಇದೇ ‘ಬಸ್ತ್’. ಪಂಜಾಬಿನ ಕಂದಾಯ ದಾಖಲೆಗಳಲ್ಲಿ ಹಳ್ಳಿಗಳಿಗೆ ‘ಹದ್‌ಬಸ್ತ್’ ಸಂಖ್ಯೆಯಿದೆ.

ನಮ್ಮ ರೈತರಲ್ಲಿ ಮೂಲ ಅರ್ಥ ಇನ್ನೂ ಜೀವಂತ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ. ಭೂಮಾಪಕರು ಬಂದು, ನಕ್ಷೆ ಹಿಡಿದು ಅಳೆದು, ಗಡಿ ಗುರುತಿಸಿಕೊಡುತ್ತಾರೆ.

ಭಾರತ–ಚೀನಾ ನಡುವೆ ಆಗದೆ ಉಳಿದಿರುವುದು ಇದೇ. ವಾಸ್ತವ ನಿಯಂತ್ರಣ ರೇಖೆಯನ್ನು ಇಬ್ಬರೂ ಒಪ್ಪಿ ನೆಲದ ಮೇಲೆ ಗುರುತಿಸಿಲ್ಲ. ರೇಖೆಯ 2 ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದೆಂದು 1996ರ ಒಪ್ಪಂದ ಹೇಳಿತು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಕಲ್ಲು, ದೊಣ್ಣೆಗಳ ಹೊಡೆದಾಟದಲ್ಲೇ ನಮ್ಮ 20 ಯೋಧರು ಪ್ರಾಣ ಕೊಟ್ಟರು. 2024ರ ಅಕ್ಟೋಬರಿನಲ್ಲಿ ಲಡಾಖಿನ ದೆಪ್ಸಾಂಗ್, ದೆಮ್‌ಚೋಕ್‌ಗಳ ಗಸ್ತಿನ ಬಗ್ಗೆ ಒಪ್ಪಂದವಾಯಿತು. ಅದನ್ನು ಗಡಿಯ ನಿರ್ವಹಣೆ ಎನ್ನೋಣ, ಹತೋಟಿ ಎನ್ನೋಣ. ಗಡಿ ವಿಚಾರ ಬರೆಯುವಾಗಲಾದರೂ ಹದ್ದುಬಸ್ತು ಎಂಬ ಮಾತನ್ನು, ಎರಡೂ ದೇಶಗಳು ಒಪ್ಪಿ ಗೆರೆ ಗುರುತಿಸುವ ಕೆಲಸಕ್ಕೇ ಮೀಸಲಿಡಬೇಕು.