ವಿಡಿಯೋ ಗೇಮ್ ಕ್ರಿಕೆಟ್‌ನಲ್ಲಿ ಸ್ವಿಂಗ್ ಮತ್ತು ಸೀಮ್: ಗಾಳಿಯ ಲೆಕ್ಕ, ನೆಲದ ಅದೃಷ್ಟ

ಕ್ರಿಕೆಟ್ ವಿಡಿಯೋ ಗೇಮ್‌ಗಳಲ್ಲಿ ಸ್ವಿಂಗ್ ಹಾಗೂ ಸೀಮ್ ಬೌಲಿಂಗ್ ಎಷ್ಟು ನೈಜವಾಗಿದೆ ಎಂಬುದು ಆ ಗೇಮ್‌ಗಳಷ್ಟೇ ಹಳೆಯ ಪ್ರಶ್ನೆ. ಕ್ರೀಡಾಂಗಣಗಳ ಚಿತ್ರಣ, ಆಟಗಾರರ ಮುಖಚಹರೆ, ವೀಕ್ಷಕ ವಿವರಣೆ ಎಲ್ಲವೂ ಮೂರು ದಶಕಗಳಲ್ಲಿ ಗುರುತು ಸಿಗದಷ್ಟು ಸುಧಾರಿಸಿವೆ. ಆದರೆ ಹೊಸ ಚೆಂಡು ಹಿಡಿದ ವೇಗದ ಬೌಲರ್ ಮೊದಲ ಒಂದು ಗಂಟೆಯಲ್ಲಿ ಹುಟ್ಟಿಸುವ ಆತಂಕ ಪರದೆಯ ಮೇಲೆ ಇನ್ನೂ ಪೂರ್ಣವಾಗಿ ಮೂಡಿಲ್ಲ. ಇದಕ್ಕೆ ಗಣಕಯಂತ್ರದ ಶಕ್ತಿಯ ಕೊರತೆ ಕಾರಣವಲ್ಲ. ಸ್ವಿಂಗ್ ಮತ್ತು ಸೀಮ್ ಸ್ವಭಾವತಃ ಎರಡು ಬೇರೆ ವಿದ್ಯಮಾನಗಳು. ಒಂದು ಲೆಕ್ಕಕ್ಕೆ ಸಿಗುತ್ತದೆ. ಇನ್ನೊಂದು ಎಸೆದವನ ಕೈಗೂ ಪೂರ್ತಿ ಸಿಗುವುದಿಲ್ಲ. ಎರಡನ್ನೂ ಗುಂಡಿ ಒತ್ತಿ ಆಯ್ದುಕೊಳ್ಳುವ ಎಸೆತಗಳಾಗಿ ಪರಿಗಣಿಸಿದ್ದರಿಂದಲೇ ತೊಡಕು ಉಂಟಾಗಿದೆ.

ಗಾಳಿಯಲ್ಲಿ ನಡೆಯುವುದು

ಪುರುಷರ ಕ್ರಿಕೆಟ್ ಚೆಂಡಿನ ತೂಕ 155.9ರಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್. ಅದರ ನಡುವೆ ಉಬ್ಬಿ ನಿಂತ ಹೊಲಿಗೆಯ ಆರು ಸಾಲುಗಳೇ ಸೀಮ್. ಈ ಹೊಲಿಗೆಯನ್ನು ತುಸು ಓರೆಯಾಗಿ ಹಿಡಿದು ಎಸೆದಾಗ, ಹೊಲಿಗೆ ಇರುವ ಬದಿಯಲ್ಲಿ ಗಾಳಿಯ ತೆಳು ಪದರ ಕದಡಿ, ಚೆಂಡಿನ ಮೈಗೆ ಹೆಚ್ಚು ದೂರ ಅಂಟಿಕೊಂಡು ಸಾಗುತ್ತದೆ. ನುಣುಪಾದ ಇನ್ನೊಂದು ಬದಿಯಲ್ಲಿ ಪದರ ಬೇಗನೆ ಕಳಚಿಕೊಳ್ಳುತ್ತದೆ. ಈ ವ್ಯತ್ಯಾಸದಿಂದ ಹುಟ್ಟುವ ಬಲ ಚೆಂಡನ್ನು ಹೊಲಿಗೆ ಮುಖಮಾಡಿದ ದಿಕ್ಕಿಗೆ ತಳ್ಳುತ್ತದೆ. ಸಾಂಪ್ರದಾಯಿಕ ಸ್ವಿಂಗ್ ಎಂದರೆ ಇಷ್ಟೇ.

ಮುಂದೆ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ರಬೀಂದ್ರ ಮೆಹ್ತಾ ಮತ್ತು ಸಂಗಡಿಗರು ಈ ಕುರಿತ ಗಾಳಿ ಸುರಂಗದ ಪ್ರಯೋಗಗಳನ್ನು 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಲಿಗೆ ಸುಮಾರು 20 ಡಿಗ್ರಿ ಓರೆಯಾಗಿದ್ದು, ವೇಗ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ ಸುಮಾರು 108 ಕಿ.ಮೀ. ಇದ್ದಾಗ ಸ್ವಿಂಗ್ ಗರಿಷ್ಠ ಮಟ್ಟದಲ್ಲಿರುತ್ತದೆ. ಅಲ್ಲಿಂದ ಮುಂದೆ ವೇಗ ಹೆಚ್ಚಿದಂತೆ ಕುಗ್ಗುತ್ತದೆ. ಆ ಗರಿಷ್ಠ ಸ್ಥಿತಿಯಲ್ಲಿ ಪಕ್ಕಕ್ಕೆ ತಳ್ಳುವ ಬಲ ಚೆಂಡಿನ ತೂಕದ ಶೇ. 30ರಷ್ಟು.

ಗೇಮ್ ತಯಾರಕರಿಗೆ ಇದು ಸುಲಭದ ಲೆಕ್ಕ. ಎರಡು ಪಾಪಿಂಗ್ ಕ್ರೀಸ್‌ಗಳ ನಡುವಿನ ಅಂತರ 17.68 ಮೀಟರ್. ಸೆಕೆಂಡಿಗೆ 30 ಮೀಟರ್ ವೇಗದ ಚೆಂಡು ಅದನ್ನು ಸುಮಾರು 0.6 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ನೆಲ ಮುಟ್ಟದೆ ಬರುವ ಎಸೆತ ಅಷ್ಟರಲ್ಲಿ ಪಕ್ಕಕ್ಕೆ ಸರಿಯುವುದು ಸುಮಾರು ಅರ್ಧ ಮೀಟರ್. ಅರ್ಧ ದಾರಿಗೆ ಬಂದಾಗ ಈ ಸರಿತದ ಕಾಲುಭಾಗ ಮಾತ್ರ ಆಗಿರುತ್ತದೆ. ಉಳಿದ ಮುಕ್ಕಾಲು ಭಾಗ ಕೊನೆಯರ್ಧದಲ್ಲಿ ಆಗುತ್ತದೆ. ವೀಕ್ಷಕ ವಿವರಣೆಕಾರರು ಕೊಂಡಾಡುವ ‘ಲೇಟ್ ಸ್ವಿಂಗ್’ನ ಬಹುಪಾಲು ಈ ಸರಳ ಗಣಿತದಲ್ಲೇ ಅಡಗಿದೆ. ಬಲ ಮೊದಲಿನಿಂದಲೂ ಒಂದೇ ಸಮನಾಗಿದ್ದರೂ ಕಣ್ಣಿಗೆ ಚೆಂಡು ಕೊನೆಗಳಿಗೆಯಲ್ಲಿ ತಿರುಗಿದಂತೆ ತೋರುತ್ತದೆ. ಗೇಮ್‌ನಲ್ಲಿ ಚೆಂಡು ಕೈಬಿಟ್ಟ ಕೂಡಲೇ ಬಾಳೆಹಣ್ಣಿನಂತೆ ಬಾಗಿ, ದಾಂಡಿಗನ ಹತ್ತಿರ ಬರುವಷ್ಟರಲ್ಲಿ ನೇರವಾಗಿಬಿಟ್ಟರೆ ಅಲ್ಲಿ ಈ ಲೆಕ್ಕ ನಡೆದಿಲ್ಲ. ನೋಟಕ್ಕೊಂದು ವಕ್ರರೇಖೆ ಎಳೆಯಲಾಗಿದೆ ಎಂದೇ ಅರ್ಥ.

ಗೇಮ್‌ಗಳು ಹೆಚ್ಚು ಎಡವಿರುವುದು ವೇಗ ಮತ್ತು ಸ್ವಿಂಗ್‌ಗಳ ಸಂಬಂಧದಲ್ಲಿ. 1983ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಕರ್ನಾಟಕದ ರೋಜರ್ ಬಿನ್ನಿ. ಅವರು ವೇಗಕ್ಕೆ ಹೆಸರಾದವರಲ್ಲ. ಇಂಗ್ಲೆಂಡಿನ ಹವೆಯಲ್ಲಿ ಮಧ್ಯಮ ವೇಗದ ಸ್ವಿಂಗ್ ಅವರ ಬಂಡವಾಳ. ಗಾಳಿ ಸುರಂಗದ ಅಂಕಿಗಳು ಮೆಚ್ಚುವುದೂ ಅದೇ ವೇಗವನ್ನು. ಬೌಲರ್‌ನ ಸಾಮರ್ಥ್ಯವನ್ನು ಮುಖ್ಯವಾಗಿ ವೇಗದ ಅಂಕದಿಂದ ಅಳೆಯುವ ಗೇಮ್‌ನಲ್ಲಿ ಬಿನ್ನಿಯಂಥವರು ಸುಲಭವಾಗಿ ಬೌಂಡರಿ ಕೊಡುವ ಬೌಲರ್‌ಗಳಾಗುತ್ತಾರೆ. ವೇಗ ಹೆಚ್ಚಿಸಿದಷ್ಟೂ ಸ್ವಿಂಗ್ ಕಡಿಮೆಯಾಗಬೇಕೆಂಬ ಒಂದೇ ನಿಯಮ ಈ ಅನ್ಯಾಯವನ್ನು ಬಹುಮಟ್ಟಿಗೆ ಸರಿಪಡಿಸಬಲ್ಲದು.

ರಿವರ್ಸ್ ಸ್ವಿಂಗ್ ಇನ್ನಷ್ಟು ಕೇಳುತ್ತದೆ. ಒಂದು ಬದಿ ಸವೆದು ಒರಟಾಗಿ, ಇನ್ನೊಂದು ಬದಿ ಹೊಳಪು ಉಳಿಸಿಕೊಂಡ ಚೆಂಡು ಹೆಚ್ಚಿನ ವೇಗದಲ್ಲಿ ಹೊಲಿಗೆಯ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಗೇಮ್ ಚೆಂಡಿನ ವಯಸ್ಸನ್ನಷ್ಟೇ ಅಲ್ಲ, ಎರಡು ಬದಿಗಳ ಸ್ಥಿತಿಯನ್ನೂ ಪ್ರತ್ಯೇಕವಾಗಿ ನೆನಪಿಡಬೇಕು. ಇಂತಿಷ್ಟು ಓವರ್ ಕಳೆದ ಮೇಲೆ ಎಲ್ಲ ವೇಗಿಗಳಿಗೂ ರಿವರ್ಸ್ ಸ್ವಿಂಗ್ ಲಭ್ಯ ಎಂದುಬಿಡುವುದು ಅಡ್ಡದಾರಿ.

ನೆಲ ಮುಟ್ಟಿದ ಮೇಲೆ

ಸೀಮ್ ಬೌಲಿಂಗ್‌ನ ಕಥೆ ಚೆಂಡು ಪಿಚ್‌ಗೆ ತಾಗಿದ ಕ್ಷಣದಲ್ಲಿ ಆರಂಭವಾಗುತ್ತದೆ. ಹೊಲಿಗೆಯ ಅಂಚು ನೆಲಕ್ಕೆ ಬಡಿದಾಗ ಚೆಂಡು ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಎತ್ತ ಎಂಬುದನ್ನು ನಿರ್ಧರಿಸುವುದು ಹೊಲಿಗೆ ಆ ಕ್ಷಣದಲ್ಲಿ ವಾಲಿದ್ದ ರೀತಿ, ತಾಗಿದ ಜಾಗದ ಹುಲ್ಲು, ತೇವ, ಗಟ್ಟಿತನ.

ಇಲ್ಲಿ ಎಷ್ಟು ಚಿಕ್ಕ ಅಳತೆ ಎಷ್ಟು ದೊಡ್ಡ ಪರಿಣಾಮ ಬೀರುತ್ತದೆ ಎಂಬುದನ್ನು ಗಮನಿಸಬೇಕು. ಬ್ಯಾಟಿನ ಗರಿಷ್ಠ ಅಗಲ 10.8 ಸೆಂ.ಮೀ. ಅಂದರೆ ನಡುವಿನಿಂದ ಅಂಚಿಗೆ 5.4 ಸೆಂ.ಮೀ. ಚೆಂಡಿನ ತ್ರಿಜ್ಯ ಸುಮಾರು 3.6 ಸೆಂ.ಮೀ. ದಾಂಡಿಗನಿಂದ 4 ಮೀಟರ್ ಮುಂದೆ ಪುಟಿದ ಚೆಂಡು ಕೇವಲ 1 ಡಿಗ್ರಿ ದಿಕ್ಕು ಬದಲಿಸಿದರೆ, ಅವನನ್ನು ತಲಪುವಷ್ಟರಲ್ಲಿ 7 ಸೆಂ.ಮೀ. ಸರಿದಿರುತ್ತದೆ. ಬ್ಯಾಟಿನ ನಡುವೆ ಬರಬೇಕಿದ್ದ ಚೆಂಡು ಅಂಚು ಸವರಿ ಸ್ಲಿಪ್‌ನತ್ತ ಹೋಗಲು ಇಷ್ಟು ಸಾಕು. 2 ಡಿಗ್ರಿಯಾದರೆ 14 ಸೆಂ.ಮೀ.; ಚೆಂಡು ಬ್ಯಾಟನ್ನು ಮುಟ್ಟುವುದೇ ಇಲ್ಲ. ಹೆಚ್ಚು ತಿರುಗಿದ ಚೆಂಡಿಗೆ ವಿಕೆಟ್ ಇಲ್ಲ, ಕಡಿಮೆ ತಿರುಗಿದ್ದಕ್ಕೆ ಇದೆ! ಪರದೆಯಲ್ಲಿ ಈ 7 ಸೆಂ.ಮೀ. ಕಣ್ಣಿಗೆ ಬೀಳುವುದೇ ಕಷ್ಟವಾದ್ದರಿಂದ ಅದನ್ನು ಹಿಗ್ಗಿಸಿ ತೋರಿಸುವ ಆಮಿಷ ಗೇಮ್ ತಯಾರಕರಿಗೆ ಇದ್ದೇ ಇದೆ. ಹಿಗ್ಗಿಸಿದ ಕೂಡಲೇ ಅಂಚು ಸವರುವ ಎಸೆತಗಳು ಕಡಿಮೆಯಾಗಿ, ಬೌಲ್ಡ್‌ಗಳೂ ಪೂರ್ತಿ ತಪ್ಪಿದ ಹೊಡೆತಗಳೂ ಹೆಚ್ಚುತ್ತವೆ. ಸ್ಲಿಪ್ ಕ್ಷೇತ್ರರಕ್ಷಕರಿಗೆ ಕೆಲಸವೇ ಇರುವುದಿಲ್ಲ.

ಕಟರ್‌ನ ವಿಚಾರ ಬೇರೆ. ಅದು ಬೆರಳುಗಳಿಂದ ಚೆಂಡನ್ನು ಸವರಿ ತಿರುಗಿಸುವ ವಿದ್ಯೆ. ಯಾವ ದಿಕ್ಕಿಗೆ ತಿರುಗಬೇಕೆಂಬುದು ಬೌಲರ್‌ಗೆ ಗೊತ್ತಿರುತ್ತದೆ. ಲೆಗ್ ಕಟರ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ವೆಂಕಟೇಶ್ ಪ್ರಸಾದ್. 1999ರ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನದ ವಿರುದ್ಧ 33 ರನ್ನಿಗೆ 6 ವಿಕೆಟ್ ಕಿತ್ತ ಬೌಲರ್. ಅಂಥ ಎಸೆತಕ್ಕೆ ಗೇಮ್‌ನಲ್ಲಿ ಒಂದು ಗುಂಡಿ ಮೀಸಲಿಡುವುದು ನ್ಯಾಯವೇ. ಸೀಮ್‌ಗೆ ಅದು ಸಲ್ಲದು. ಪಾಕಿಸ್ತಾನದ ಮೊಹಮ್ಮದ್ ಆಸಿಫ್ ಅವರ ಬೌಲಿಂಗ್ ನೋಡಿ ಇಂಗ್ಲೆಂಡಿನ ಜೇಮ್ಸ್ ಆಂಡರ್ಸನ್ 2010ರ ಸುಮಾರಿಗೆ ರೂಢಿಸಿಕೊಂಡ ‘ವಾಬಲ್ ಸೀಮ್’ ಇದಕ್ಕೆ ಉತ್ತಮ ನಿದರ್ಶನ. ಹೊಲಿಗೆ ಓಲಾಡುತ್ತ ಸಾಗುವಂತೆ ಚೆಂಡನ್ನು ಬಿಡಲಾಗುತ್ತದೆ. ನೆಲಕ್ಕೆ ತಾಗಿದ ಮೇಲೆ ಅದು ಎತ್ತ ಹೋಗುತ್ತದೆಂದು ಸ್ವತಃ ಬೌಲರ್‌ಗೂ ತಿಳಿಯದು. 704 ಟೆಸ್ಟ್ ವಿಕೆಟ್ ಪಡೆದ ಕಲಾವಿದನೊಬ್ಬ ನಿಯಂತ್ರಣವನ್ನು ಬೇಕೆಂದೇ ಬಿಟ್ಟುಕೊಡುತ್ತಾನೆ. ವಿಡಿಯೋ ಗೇಮ್‌ಗೆ ಜೀರ್ಣವಾಗದಿರುವುದು ಇದೇ ಸಂಗತಿ.

ಗುಂಡಿಗಳ ಯುಗ, ಸ್ಟಿಕ್‌ನ ಯುಗ

1995ರಲ್ಲಿ ಬಂದ ‘ಬ್ರಯಾನ್ ಲಾರಾ ಕ್ರಿಕೆಟ್’ ಮನೆಮನೆಯ ಟಿವಿ ಪರದೆಗೆ ಕ್ರಿಕೆಟ್ ತಂದ ಆರಂಭದ ಜನಪ್ರಿಯ ಗೇಮ್‌ಗಳಲ್ಲೊಂದು. ಆದರೆ ಭಾರತದಲ್ಲಿ ಒಂದು ಇಡೀ ಪೀಳಿಗೆ ಬೆಳೆದದ್ದು 2006ರ ನವೆಂಬರ್‌ನಲ್ಲಿ ಬಿಡುಗಡೆಯಾದ ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಜೊತೆ. ಕೆನಡಾದ ಎಚ್‌ಬಿ ಸ್ಟುಡಿಯೋಸ್ ಇದನ್ನು ರೂಪಿಸಿತ್ತು. ಇಎ ಕಂಪೆನಿ ಕ್ರಿಕೆಟ್‌ಗೆ ವಿದಾಯ ಹೇಳಿದ್ದೂ ಇದರೊಂದಿಗೇ. 2008ರಲ್ಲಿ ಆರಂಭವಾದ ಐಪಿಎಲ್‌ನ ತಂಡಗಳನ್ನು ಅಭಿಮಾನಿಗಳೇ ತಿದ್ದುಪಡಿ ಕಡತಗಳ ಮೂಲಕ ಇದರೊಳಗೆ ಸೇರಿಸಿಕೊಂಡು ವರ್ಷಾನುಗಟ್ಟಲೆ ಆಡಿದರು.

ಆ ಪೀಳಿಗೆಯ ಗೇಮ್‌ಗಳಲ್ಲಿ ಬೌಲರ್‌ನ ಕೆಲಸ ಹೀಗಿತ್ತು: ಪಿಚ್ ಮೇಲೆ ಚೆಂಡು ಬೀಳಬೇಕಾದ ಜಾಗಕ್ಕೆ ಗುರುತು ಒಯ್ದು ನಿಲ್ಲಿಸುವುದು, ಇನ್‌ಸ್ವಿಂಗ್, ಔಟ್‌ಸ್ವಿಂಗ್, ಕಟರ್ ಇವುಗಳಲ್ಲೊಂದರ ಗುಂಡಿ ಒತ್ತುವುದು, ಸರಿಯಾದ ಸಮಯಕ್ಕೆ ಚೆಂಡು ಬಿಡುವುದು. ಆಡಲು ಸೊಗಸು, ಕಲಿಯಲು ಸುಲಭ. ಆದರೆ ಒತ್ತಿದ ಗುಂಡಿಗೆ ತಕ್ಕಂತೆ ಚೆಂಡು ತಿರುಗಿಯೇ ತಿರುಗುತ್ತಿತ್ತು. ಅದು ಬೀಳುವ ಜಾಗ ದಾಂಡಿಗನ ಪರವಾಗಿ ಆಡುವವರಿಗೂ ಮೊದಲೇ ಕಾಣುತ್ತಿತ್ತು. ಗುಡ್‌ಲೆಂಗ್ತ್ ಎಸೆತದ ಅಪಾಯವಿರುವುದೇ ಮುಂದೆ ಹೋಗುವುದೋ ಹಿಂದೆ ಸರಿಯುವುದೋ ಎಂಬ ಗೊಂದಲದಲ್ಲಿ. ಗುರುತು ಆ ಗೊಂದಲವನ್ನೇ ತೆಗೆದುಹಾಕಿತು.

ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ಡಾನ್ ಬ್ರಾಡ್ಮನ್ ಕ್ರಿಕೆಟ್ 14’ ಇಲ್ಲಿ ದೊಡ್ಡ ತಿರುವು. ಗುರುತು ನಿಲ್ಲಿಸಿ ಎಸೆಯುವ ಪದ್ಧತಿಯನ್ನು ಅದು ಕೈಬಿಟ್ಟಿತು. ಬೌಲರ್ ನೆಗೆಯುವ ಮತ್ತು ಚೆಂಡು ಬಿಡುವ ಕ್ಷಣಗಳಲ್ಲಿ ಕಂಟ್ರೋಲರ್‌ನ ಸ್ಟಿಕ್ ಆಡಿಸುವ ಸಮಯದ ಮೇಲೆ ಎಸೆತದ ಗುಣಮಟ್ಟ ನಿಂತಿತು. ಅದೇ ಸಂಸ್ಥೆಯ ‘ಕ್ರಿಕೆಟ್ 19’, ‘ಕ್ರಿಕೆಟ್ 22’ ಮತ್ತು 2023ರ ‘ಕ್ರಿಕೆಟ್ 24’ ಈ ದಾರಿಯಲ್ಲೇ ಮುಂದುವರಿದವು. ಚೆನ್ನೈನ ನೆಕ್ಸ್ಟ್‌ವೇವ್ ಸಂಸ್ಥೆಯ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’, ಮುಂಬೈನ ನಾಟಿಲಸ್ ಸಂಸ್ಥೆಯ ‘ರಿಯಲ್ ಕ್ರಿಕೆಟ್’ ಮೊದಲಾದ ಮೊಬೈಲ್ ಗೇಮ್‌ಗಳ ಜಗತ್ತು ಬೇರೆ. ಐದು ಓವರುಗಳ ಪಂದ್ಯದಲ್ಲಿ ಚೆಂಡು ಹಳೆಯದಾಗುವ ಪ್ರಶ್ನೆಯೇ ಬರುವುದಿಲ್ಲ. ಬಸ್ಸಿನಲ್ಲಿ ಕುಳಿತು ಆಡುವವರಿಗೆ ಬೇಕಾದದ್ದು ಸಿಕ್ಸರ್.

ದಾಂಡಿಗನ ಕಷ್ಟ

ನೈಜತೆಗೆ ನಿಜವಾದ ಅಡ್ಡಿ ಪರದೆಯ ಮುಂದೆ ಕುಳಿತ ದಾಂಡಿಗ. ಸೆಕೆಂಡಿಗೆ 60 ಚಿತ್ರಗಳು ಮೂಡುವ ಪರದೆಯಲ್ಲಿ ಗಂಟೆಗೆ 108 ಕಿ.ಮೀ. ವೇಗದ ಎಸೆತ 35 ಚಿತ್ರಗಳಲ್ಲಿ ಮುಗಿದುಹೋಗುತ್ತದೆ. ಗಂಟೆಗೆ 140 ಕಿ.ಮೀ. ಆದರೆ 27ರಲ್ಲಿ. ಟಿವಿ ಮತ್ತು ಕಂಟ್ರೋಲರ್‌ಗಳು ಸೇರಿ ಸೆಕೆಂಡಿನ ಹತ್ತನೆಯ ಒಂದು ಭಾಗ ತಡಮಾಡಿದರೂ ಅದರಲ್ಲಿ 6 ಚಿತ್ರಗಳು ನಷ್ಟ. ಮೈದಾನದ ದಾಂಡಿಗ ಬೌಲರ್‌ನ ಮಣಿಕಟ್ಟು ನೋಡುತ್ತಾನೆ, ಹೊಲಿಗೆ ನೋಡುತ್ತಾನೆ, ಹೊಳೆಯುವ ಬದಿ ಯಾವ ಕಡೆಗಿದೆ ಎಂದು ಗಮನಿಸುತ್ತಾನೆ. ಪರದೆಯಲ್ಲಿ ಚೆಂಡು ಒಂದು ಚುಕ್ಕೆ. ಇಷ್ಟು ಕಿತ್ತುಕೊಂಡ ಮೇಲೆ ಗುರುತನ್ನೋ ಬಣ್ಣದ ಸೂಚನೆಯನ್ನೋ ಕೊಡದೆ ಗೇಮ್‌ಗೆ ಗತ್ಯಂತರವಿಲ್ಲ.

ಜೊತೆಗೆ ಮನಸ್ಸಿನ ಪ್ರಶ್ನೆಯೂ ಇದೆ. ಮೈದಾನದಲ್ಲಿ ಚೆಂಡು ತಾನಾಗಿ ಸರಿದು ಅಂಚು ಸವರಿದರೆ ಅದು ಒಳ್ಳೆಯ ಎಸೆತ. ಗೇಮ್‌ನಲ್ಲಿ ಅದೇ ಆದರೆ ಯಂತ್ರ ಮೋಸ ಮಾಡಿತು ಎಂಬ ಭಾವನೆ. ಇದನ್ನು ತಪ್ಪಿಸಲು ತಯಾರಕರು ಅದೃಷ್ಟದ ಪಾಲನ್ನೇ ಕಡಿತಗೊಳಿಸುವುದುಂಟು. ಅದಕ್ಕಿಂತ ಒಳ್ಳೆಯ ಮಾರ್ಗವಿದೆ. ಚೆಂಡು ಹೊಲಿಗೆಯ ಮೇಲೆ ಬೀಳುವ ಸಾಧ್ಯತೆ ಆಟಗಾರನ ಕೌಶಲಕ್ಕೆ ಸೇರಲಿ: ಸರಿಯಾದ ಸಮಯಕ್ಕೆ ಬಿಟ್ಟರೆ ಹೊಲಿಗೆ ನೆಟ್ಟಗೆ ನಿಲ್ಲಲಿ, ತಪ್ಪಿದರೆ ಉರುಳಲಿ. ಎಷ್ಟು ಸರಿಯಬೇಕೆಂಬುದನ್ನು ಪಿಚ್‌ನ ಹುಲ್ಲು, ತೇವ ಮತ್ತು ಚೆಂಡಿನ ವಯಸ್ಸು ನಿರ್ಧರಿಸಲಿ, ಆ ಸ್ಥಿತಿ ಇಬ್ಬರಿಗೂ ಮೊದಲೇ ತಿಳಿದಿರಲಿ. ಎತ್ತ ಎಂಬುದು ಮಾತ್ರ ಯಾರಿಗೂ ತಿಳಿಯದಿರಲಿ. ಆಗ ಮೂರು ಸ್ಲಿಪ್ ನಿಲ್ಲಿಸಬೇಕೇ, ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡಬೇಕೇ ಎಂಬ ಪ್ರಶ್ನೆಗಳಿಗೆ ಅರ್ಥ ಬರುತ್ತದೆ.

ಯಾವುದೇ ಗೇಮ್ ಈ ವಿಷಯದಲ್ಲಿ ಎಲ್ಲಿ ನಿಂತಿದೆ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಹುಲ್ಲಿರುವ ಪಿಚ್, ಹೊಸ ಚೆಂಡು, ಒಬ್ಬನೇ ಬೌಲರ್. ಒಂದೇ ಬಗೆಯ ಎಸೆತವನ್ನು, ಒಂದೇ ಜಾಗಕ್ಕೆ ನಾಲ್ಕು ಓವರ್ ಎಸೆಯಬೇಕು. 24 ಎಸೆತಗಳೂ ಒಂದೇ ದಾರಿ ಹಿಡಿದರೆ ಅಲ್ಲಿ ಸೀಮ್ ಇಲ್ಲ. ಬಳಿಕ ವೇಗವನ್ನು ಕಡಿಮೆ ಮಾಡಿ ಸ್ವಿಂಗ್ ಹೆಚ್ಚಿತೇ ಎಂದು ನೋಡಬೇಕು. ಕೊನೆಯದಾಗಿ, ದಾಂಡಿಗ ಆಡಿಯೂ ಬ್ಯಾಟಿಗೆ ತಾಗದೆ ಕೀಪರ್ ಕೈ ಸೇರಿದ ಚೆಂಡುಗಳನ್ನು ಎಣಿಸಬೇಕು. ಟೆಸ್ಟ್ ಪಂದ್ಯದ ಒಳ್ಳೆಯ ಬೆಳಗಿನ ಅವಧಿಯಲ್ಲಿ ವಿಕೆಟ್‌ಗಿಂತ ಅಂಥ ಎಸೆತಗಳೇ ಹೆಚ್ಚು. ಬಹಳಷ್ಟು ಗೇಮ್‌ಗಳಲ್ಲಿ ಅವು ಅಪರೂಪ.