ಯಾತ್ರೆ ಗಾಡಿಗೆ ಬುತ್ತಿ ಲೆಕ್ಕ: 24 ಜನ, ನಾಲ್ಕೈದು ಊರು, ಊಟ ಹೆಂಗ?

ವಿಜಯಪುರ: ಜೋಳದ ರಾಶಿ ಮುಗಿದು ಕೈಯಾಗ ನಾಲ್ಕು ದುಡ್ಡು ಬಂದ ಮೇಲೆ ತಿಕೋಟಾ, ಬಬಲೇಶ್ವರ ಕಡೆಯ ಊರುಗಳಿಂದ ಇಪ್ಪತ್ತು–ಮೂವತ್ತು ಜನ ಕೂಡಿ ಉತ್ತರ ಭಾರತದ ಯಾತ್ರೆಗೆ ಹೊರಡುವುದು ವಾಡಿಕೆ. ಸೊಲ್ಲಾಪುರ ರಸ್ತೆ ಹಿಡಿದು ಸುಮಾರು 100 ಕಿ.ಮೀ. ಹೋದರೆ ಸೊಲ್ಲಾಪುರ ಸ್ಟೇಷನ್. ಅಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮನ್ಮಾಡ, ಭುಸಾವಳ, ಇಟಾರ್ಸಿ, ಭೋಪಾಲ್, ಝಾನ್ಸಿ, ಆಗ್ರಾ, ಮಥುರಾ ಹಾದು ದಿಲ್ಲಿ. ಮುಂದೆ ಬೇರೆ ಗಾಡಿಯಲ್ಲಿ ಪ್ರಯಾಗ, ಕಾಶಿ, ಅಯೋಧ್ಯೆ.

ಟಿಕೆಟ್ ಎರಡು ತಿಂಗಳು ಮೊದಲೇ ಆಗಿರುತ್ತದೆ, ವಸತಿಯೂ ಗೊತ್ತಾಗಿರುತ್ತದೆ. ಊಟದ ಮಾತು ಬಂದಾಗ ಮಾತ್ರ "ದಾರ್ಯಾಗ ಏನರ ಸಿಗತೈತಿ ಬಿಡ್ರಿ" ಅಂತ ಮುಗಿಸಿಬಿಡುತ್ತಾರೆ. ಸಿಗುತ್ತದೆ, ನಿಜ. ಆದರೆ 24 ಜನರಿಗೆ ಒಂದೇ ಹೊತ್ತಿಗೆ, ಐದು ನಿಮಿಷ ನಿಲ್ಲುವ ಸ್ಟೇಷನ್‌ನಲ್ಲಿ, ವಯಸ್ಸಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಒಗ್ಗುವಂಥದ್ದು ಸಿಗುವುದು ಕಷ್ಟ. ಇಬ್ಬರ ಹೊಟ್ಟೆ ಕೆಟ್ಟರೆ ಸಾಕು, ಇಡೀ ತಂಡ ಆಗ್ರಾದ ಆಸ್ಪತ್ರೆ ಮುಂದ ಕೂಡಬೇಕಾಗುತ್ತದೆ.

ತಂಡ ಕಟ್ಟಿ ಅಡ್ಡಾಡಿದವರ ಅನುಭವ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಒಣಗಿದ್ದು ಮನೆಯಿಂದ, ಬಿಸಿಯಾದದ್ದು ದಾರಿಯಿಂದ, ಒಲೆ ಮಾತ್ರ ಎಲ್ಲಿಂದಲೂ ಬೇಡ.

ಡಬ್ಬಿಯಲ್ಲಿ ಒಲೆ ಹಚ್ಚಿದರೆ

ಕೊನೆಯ ಮಾತನ್ನೇ ಮೊದಲು ಹೇಳಬೇಕು. ಸಣ್ಣ ಸಿಲಿಂಡರ್, ಸೀಮೆಎಣ್ಣೆ ಸ್ಟೋವ್ ಗಂಟಿನೊಳಗೆ ಸುತ್ತಿಕೊಂಡು ಹೋಗುವ ತಂಡಗಳು ಇನ್ನೂ ಇವೆ. "ಬರೇ ಚಹಾಕ್ಕರೀ" ಅನ್ನುತ್ತಾರೆ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ಸ್ಟೇಷನ್ ಹತ್ತಿರ ನಿಂತಿದ್ದ ಪ್ರವಾಸಿ ಡಬ್ಬಿಗೆ ಬೆಂಕಿ ಬಿದ್ದು 9 ಜನ ಸತ್ತರು. ಅವರು ಲಖನೌ ಕಡೆಯಿಂದ ಯಾತ್ರೆಗೆ ಬಂದವರು. ಕದ್ದು ಒಯ್ದಿದ್ದ ಗ್ಯಾಸ್ ಸಿಲಿಂಡರ್ ಬಳಸಿ ಚಹಾ ಮಾಡಲು ಹೋದಾಗ ಅನಾಹುತವಾಯಿತು. ತಂಡವೇ ಬುಕ್ ಮಾಡಿದ ಪೂರ್ತಿ ಡಬ್ಬಿ ಅದು. ಅಂದರೆ ಡಬ್ಬಿ ನಮ್ಮದೇ, ಯಾರು ಕೇಳ್ಯಾರ ಅನ್ನುವ ಧೈರ್ಯ ಅಲ್ಲಿ ನಡೆಯಲಿಲ್ಲ.

1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಇಂಥ ಅಪಾಯಕಾರಿ ಸಾಮಾನು ಗಾಡಿಯಲ್ಲಿ ಒಯ್ದರೆ 3 ವರ್ಷದವರೆಗೆ ಜೈಲು ಅಥವಾ 1,000 ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದ ನಷ್ಟವನ್ನೂ ತುಂಬಿಕೊಡಬೇಕು. ಕರೆಂಟಿನ ಕೆಟಲ್, ಇಂಡಕ್ಷನ್ ಒಲೆಗೂ ಅವಕಾಶ ಇಲ್ಲ. ಸೀಟಿನ ಹತ್ತಿರದ ಪ್ಲಗ್ ಮೊಬೈಲ್, ಲ್ಯಾಪ್‌ಟಾಪ್ ಚಾರ್ಜ್ ಮಾಡಲಿಕ್ಕಷ್ಟೇ. ಬಿಸಿನೀರು ಬೇಕಾದವರು ಎರಡು ದೊಡ್ಡ ಥರ್ಮಾಸ್ ಇಟ್ಟುಕೊಂಡರೆ ಸಾಕು.

ಯಾವುದು ಎಷ್ಟು ದಿನ ತಾಳುತ್ತದೆ

ಈ ವಿಷಯದಲ್ಲಿ ವಿಜಯಪುರ ಸೀಮೆಯವರು ಬೇರೆಯವರಿಂದ ಕಲಿಯುವುದು ಕಡಿಮೆ. ಬೇಯಿಸಿ ಆರಿಸಿದ ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತವೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಅದಕ್ಕಿಂತ ಹೆಚ್ಚು. ಮೆಣಸಿನಕಾಯಿ ರಂಜಕ, ಉಪ್ಪಿನಕಾಯಿಯೂ ಕೆಡುವುದಿಲ್ಲ, ಆದರೆ ಗಾಜಿನ ಬಾಟಲಿಯಲ್ಲಿ ಬೇಡ. ಸಿಹಿಗೆ ಶೇಂಗಾ ಹೋಳಿಗೆ ವಾರ ತಾಳುತ್ತದೆ. ಕಡ್ಲಿಬ್ಯಾಳಿ ಹೂರಣದ ಹೋಳಿಗೆ ಹಂಗಲ್ಲ, ಬೇಸಿಗೆಯಲ್ಲಿ ಮರುದಿನವೇ ಹುಳಿ ವಾಸನೆ. ಮಾದ್ಲಿ ಒಣಗಿದ್ದರೆ ನಾಲ್ಕು ದಿನಕ್ಕೆ ಅಡ್ಡಿಯಿಲ್ಲ, ತುಪ್ಪ ತಿನ್ನುವ ಹೊತ್ತಿಗೆ ಹಾಕಿಕೊಳ್ಳಬೇಕು. ಧಪಾಟಿ, ಚಪಾತಿ ಮೊದಲ ದಿನಕ್ಕೆ ಸರಿ. ಹಲ್ಲಿಲ್ಲದ ಅಜ್ಜ-ಅಜ್ಜಿಯರಿಗೆ ಖಡಕ್ ರೊಟ್ಟಿ ಕೊಟ್ಟು ಸುಮ್ಮನಾಗುವಂತಿಲ್ಲ. ಅವರ ಪಾಲಿಗೆ ಮಾದ್ಲಿ, ಅವಲಕ್ಕಿ, ಇಲ್ಲವೇ ಬಿಸಿ ಬ್ಯಾಳಿಯಲ್ಲಿ ನೆನೆಸಿದ ರೊಟ್ಟಿ.

ಎಡವುವುದು ಅನ್ನದಲ್ಲಿ. ಬುತ್ತಿ ಎಂದರೆ ಮೊಸರನ್ನ, ಚಿತ್ರಾನ್ನ, ಎಣ್ಣಿಗಾಯಿ ಬದ್ನಿಕಾಯಿ ಅಂತ ಮನಸ್ಸಿಗೆ ಬರುವುದು ಸಹಜ. ಬೇಯಿಸಿದ, ನೀರಿನಂಶವಿರುವ ಅಡಿಗೆಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ಮೇಲಿನ ಬಿಸಿಲಿದ್ದರೆ ಒಂದೇ ತಾಸು ಎನ್ನುವುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಏಪ್ರಿಲ್‌ನಲ್ಲಿ ಭುಸಾವಳ ದಾಟುವಾಗ ಸ್ಲೀಪರ್ ಡಬ್ಬಿ ಕಾದ ಹಂಚಿನಂತಿರುತ್ತದೆ. ಕೆಟ್ಟ ಅನ್ನದೊಳಗಿನ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೊಸರನ್ನ ಬೇಕೇ ಬೇಕು ಅನ್ನುವವರು ಮುಂಜಾನೆ ಉಂಡೇ ಮನೆ ಬಿಡುವುದು ಲೇಸು. ಗಾಡಿಯೊಳಗೆ ಅನ್ನದ ಬದಲು ಒಣ ಅವಲಕ್ಕಿ, ಚುರಮುರಿ. ಕೂತಲ್ಲೇ ಒಂದು ಉಳ್ಳಾಗಡ್ಡಿ, ಒಂದು ಹೋಳು ಲಿಂಬಿಹಣ್ಣು, ಎರಡು ಚಮಚ ಶೇಂಗಾ ಹಿಂಡಿ ಕಲಸಿದರೆ ಆರು ಜನರ ನಾಷ್ಟಾ. ಸವತಿಕಾಯಿ, ಗಜ್ಜರಿ, ಬಾಳೆಹಣ್ಣು ಇಡಿಯಾಗಿ ಒಯ್ಯಬೇಕು, ಹೆಚ್ಚಿ ಒಯ್ಯಬಾರದು. ಒಣದ್ರಾಕ್ಷಿ ಈ ಭಾಗದ್ದೇ ಬೆಳೆ, ಅದನ್ನು ಬಿಟ್ಟು ಸ್ಟೇಷನ್‌ನಲ್ಲಿ ಬಿಸ್ಕಿಟ್ ಪುಡಿಕೆ ಕೊಳ್ಳುವುದು ಯಾಕೋ!

400 ರೊಟ್ಟಿ, 20 ಗಂಟು

24 ಜನರ ಲೆಕ್ಕ ಹೀಗೆ ಹಿಡಿಯಬಹುದು. ಹೋಗುವಾಗ ಎರಡು ಊಟ, ನಡುವಿನ ಊರುಗಳ ಪ್ರಯಾಣಕ್ಕೆ ಒಂದು, ಬರುವಾಗ ಎರಡು, ಒಟ್ಟು ಐದು ಬುತ್ತಿ ಊಟ. ಒಬ್ಬರಿಗೆ ಮೂರು ರೊಟ್ಟಿಯಂತೆ ಒಂದು ಊಟಕ್ಕೆ 72, ಐದು ಊಟಕ್ಕೆ 360.

ಒಂದು ಪಿಎನ್‌ಆರ್‌ನಲ್ಲಿ ಆರು ಜನರ ಟಿಕೆಟ್ ಆಗುತ್ತದೆ. 24 ಜನ ಎಂದರೆ ನಾಲ್ಕು ಪಿಎನ್‌ಆರ್, ಸೀಟು ಬೇರೆ ಬೇರೆ ಡಬ್ಬಿಗೆ ಬೀಳಬಹುದು. ಎಲ್ಲಾ ರೊಟ್ಟಿ ಒಂದೇ ದೊಡ್ಡ ಡಬ್ಬದಲ್ಲಿ ತುಂಬಿದರೆ ಊಟದ ಹೊತ್ತಿಗೆ ಎಸ್-3ರಿಂದ ಎಸ್-7ಕ್ಕೆ ಜನ ದಾಟಿಕೊಂಡು ಬರಬೇಕು. ಅದಕ್ಕೆ ಪಿಎನ್‌ಆರ್ ಪ್ರಕಾರವೇ ಪಂಕ್ತಿ ಮಾಡುವುದು ಜಾಣತನ. ಆರು ಜನರಿಗೆ 18 ರೊಟ್ಟಿ, ಮುರಿದದ್ದಕ್ಕೆ ಎರಡು ಹೆಚ್ಚು, ಒಂದು ಗಂಟಿಗೆ 20. ನಾಲ್ಕು ಪಂಕ್ತಿ, ಐದು ಊಟ, 20 ಗಂಟು. ಒಟ್ಟು 400 ರೊಟ್ಟಿ. ಒಂದು ರೊಟ್ಟಿ 40 ಗ್ರಾಂ ಹಿಡಿದರೆ 16 ಕೆ.ಜಿ. ಒಬ್ಬರಿಗೆ ಊಟಕ್ಕೆ 20 ಗ್ರಾಂ ಹಿಂಡಿ ಎಂದರೆ ಎರಡೂವರೆ ಕೆ.ಜಿ. ಸಾಕು. ಶೇಂಗಾದ್ದು ಒಂದೂವರೆ, ಗುರೆಳ್ಳು, ಅಗಸಿ ತಲಾ ಅರ್ಧ.

ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ. ಸಾಮಾನು ಪುಕ್ಕಟೆ. ಹಂಗಾಗಿ ತೂಕದ ಚಿಂತೆಯಿಲ್ಲ. ಮಥುರಾದಲ್ಲಿ ಇಳಿಯುವಾಗ ಒಬ್ಬರೇ ಎತ್ತಲಾಗದ ಡಬ್ಬ ಇದ್ದರೆ ಮಾತ್ರ ಪಂಚಾಯ್ತಿ. ಗಂಟು ಸಣ್ಣದಿದ್ದಷ್ಟು ಚಲೋ. ರೊಟ್ಟಿ ಪೂರ್ತಿ ಆರಿದ ಮೇಲೆ ತೆಳು ಅರಿವೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವತು ಬೂಸು ಬರುತ್ತದೆ.

ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳು 400 ರೊಟ್ಟಿ ಬಡಿಯುವ ಮಾತಲ್ಲ. ಸ್ವಸಹಾಯ ಸಂಘದವರಿಗೋ ರೊಟ್ಟಿ ಮಾಡಿ ಮಾರುವವರಿಗೋ ನಾಲ್ಕೈದು ದಿನ ಮೊದಲು ಹೇಳಬೇಕು. ಹಿಂದಿನ ಸಂಜಿ ಹೋಗಿ "ನಾಳೆ ಮುಂಜಾನೆ ಬೇಕ್ರಿ ಅಕ್ಕಾ" ಅಂದರೆ ಅವರೂ ಹಸಿ ಆರದ ರೊಟ್ಟಿಯನ್ನೇ ಕಟ್ಟಿಕೊಡುತ್ತಾರೆ. ಅಂಗಡಿಕಾರರು ಹಿಂಡಿ, ಹೋಳಿಗೆ ಪಾಕೀಟಿನ ಮೇಲೆ ಮಾಡಿದ ತಾರೀಖು ಬರೆದುಕೊಟ್ಟರೆ ಇಬ್ಬರಿಗೂ ಅನುಕೂಲ. ಆರು ಜನರ ಪಂಕ್ತಿಯ ಲೆಕ್ಕದಲ್ಲೇ ಕಟ್ಟಿಟ್ಟರೆ ಯಾತ್ರೆ ಸೀಸನ್‌ನಲ್ಲಿ ಕೈಮಾಲು ನಿಲ್ಲುವುದಿಲ್ಲ.

ಬಿಸಿ ಊಟ ಎಲ್ಲಿ, ಎಷ್ಟಕ್ಕೆ

ಎರಡು ದಿನ ಬರೇ ರೊಟ್ಟಿ-ಹಿಂಡಿ ನಡೆಯುವುದಿಲ್ಲ, ನಡುವೆ ಒಂದು ಬಿಸಿ ಊಟ ಬೇಕು. ರೈಲ್ವೆಯ ಸಾದಾ ಶಾಕಾಹಾರಿ ಊಟಕ್ಕೆ ಸ್ಟೇಷನ್‌ನಲ್ಲಿ 70 ರೂ., ಗಾಡಿಯೊಳಗೆ 80 ರೂ. ಅದರಲ್ಲಿ 150 ಗ್ರಾಂ ಅನ್ನ, 150 ಗ್ರಾಂ ಬ್ಯಾಳಿ, 80 ಗ್ರಾಂ ಮೊಸರು, 100 ಗ್ರಾಂ ಪಲ್ಯ, ಎರಡು ಪರಾಠಾ ಇಲ್ಲವೇ ನಾಲ್ಕು ಚಪಾತಿ, ಉಪ್ಪಿನಕಾಯಿ ಇರಬೇಕು. ನಾಲ್ಕು ಚಪಾತಿ ಸೇರಿ 100 ಗ್ರಾಂ! ಹೊಲದಾಗ ದುಡಿದ ಹೊಟ್ಟೆಗೆ ಇದು ಸಾಲದು, ಜೊತೆಗೆ ಎರಡು ರೊಟ್ಟಿ ಮುರಿದುಕೊಳ್ಳಬೇಕು. 24 ಜನಕ್ಕೆ ಗಾಡಿಯೊಳಗಿನ ಒಂದು ಊಟ 1,920 ರೂ. ಹೆಚ್ಚು ಕೇಳಿದರೆ ಬಿಲ್ಲು ಕೇಳಬೇಕು. ಬಿಲ್ಲು ಕೊಡದಿದ್ದರೆ ದುಡ್ಡು ಕೊಡಬೇಕಿಲ್ಲ ಎನ್ನುವುದು ರೈಲ್ವೆಯದೇ ನಿಯಮ. ದೂರು ಇದ್ದರೆ 139ಕ್ಕೆ.

ಐಆರ್‌ಸಿಟಿಸಿ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಹಾಕಿ ಮುಂದಿನ ದೊಡ್ಡ ಸ್ಟೇಷನ್‌ನ ಹೋಟೆಲ್‌ಗಳಿಂದ ಊಟ ತರಿಸಬಹುದು. ಫೋನ್ ಮಾಡುವವರಿಗೆ 1323. ಇಲ್ಲಿ ಒಂದು ಎಚ್ಚರ. ಎರಡು ನಿಮಿಷ ನಿಲ್ಲುವ ಸ್ಟೇಷನ್‌ಗೆ 24 ಪಾರ್ಸಲ್ ಹೇಳಿದರೆ ಹತ್ತು ಕೈಗೆ ಸಿಕ್ಕು ಉಳಿದವು ಪ್ಲಾಟ್‌ಫಾರ್ಮ್ ಮೇಲೆ ಉಳಿಯುತ್ತವೆ. ಗಾಡಿ ಹೆಚ್ಚು ಹೊತ್ತು ನಿಲ್ಲುವ ಜಂಕ್ಷನ್ ಆರಿಸಿ, ಎಲ್ಲವನ್ನೂ ಒಂದೇ ಸೀಟಿನ ನಂಬರಿಗೆ ತರಿಸಿ, ಇಳಿಸಿಕೊಳ್ಳಲು ಮೂವರನ್ನು ಬಾಗಿಲಲ್ಲಿ ನಿಲ್ಲಿಸಬೇಕು.

ನೀರು ಮನೆಯಿಂದ ಒಯ್ಯುವುದು ಆಗದ ಮಾತು. ಒಬ್ಬರಿಗೆ ದಿನಕ್ಕೆ 3 ಲೀಟರ್ ಎಂದರೂ 24 ಜನಕ್ಕೆ 72 ಲೀಟರ್. ಒಂದು ಲೀಟರ್ ರೈಲ್ ನೀರ್ ಬೆಲೆ 2025ರ ಸೆಪ್ಟೆಂಬರ್ 22ರಿಂದ 15 ಇದ್ದದ್ದು 14 ರೂ. ಆಗಿದೆ. ದಿನಕ್ಕೆ 1,008 ರೂ. ಇದನ್ನು ಮೊದಲೇ ವಂತಿಗೆಯಲ್ಲಿ ಸೇರಿಸದಿದ್ದರೆ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಹೆಣ್ಣುಮಕ್ಕಳಂತೂ ಸಂಡಾಸದ ಚಿಂತೆಗೆ ಇನ್ನೂ ಕಡಿಮೆ. ಬಿಸಿಲಿನ ದಾರಿಯಲ್ಲಿ ತಲೆಸುತ್ತು ಬರುವುದು ಬಹಳ ಸಲ ಇದರಿಂದಲೇ. ಓಆರ್‌ಎಸ್ ಪುಡಿಕೆ ಪಂಕ್ತಿಗೆ ನಾಲ್ಕು ಇರಲಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಊರೊಳಗೆ ಇಳಿದ ಮೇಲೆ ಬುತ್ತಿ ಬಿಚ್ಚುವ ಅವಶ್ಯಕತೆ ಕಡಿಮೆ. ಕಾಶಿಯ ಜಂಗಮವಾಡಿ ಮಠಕ್ಕೆ ಇಲ್ಲಿನ ಭಕ್ತರು ತಲೆಮಾರುಗಳಿಂದ ಹೋಗುತ್ತಾರೆ. ಅಲ್ಲಾಗಲಿ ಬೇರೆ ಮಠ-ಛತ್ರಗಳಲ್ಲಾಗಲಿ ಊಟಕ್ಕೆ ಎಷ್ಟು ಜನ, ಯಾವ ಹೊತ್ತಿಗೆ ಎಂದು ಮುಂಚೆ ಫೋನ್ ಮಾಡಿ ಕೇಳಿಕೊಳ್ಳಬೇಕು. ರಾತ್ರಿ ಹತ್ತಕ್ಕೆ 24 ಜನ ಬಾಗಿಲು ಬಡಿದರೆ ಯಾರಿಗಾದರೂ ಕಷ್ಟವೇ. ಮುಜರಾಯಿ ಇಲಾಖೆಯ ಸಹಾಯಧನದೊಂದಿಗೆ 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಹೋಗುವವರಿಗೆ ಊಟ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಅವರು ಹಿಂಡಿ, ಒಣದ್ರಾಕ್ಷಿ ಅಷ್ಟು ಇಟ್ಟುಕೊಂಡರೆ ಆಯಿತು.

ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೊಗೊಳ್ಳುವವರು ತಂಡದ ಊಟಕ್ಕೆ ಕಾಯಬಾರದು. ಗಾಡಿ ಮೂರು ತಾಸು ತಡ ಆಯಿತೆಂದು ಊಟ ತಡ ಮಾಡಿದರೆ ಸಕ್ಕರೆ ಇಳಿದು ಬಿದ್ದಾರು. ಅವರ ಚೀಲದಲ್ಲೇ ಎರಡು ರೊಟ್ಟಿ, ಒಂದು ಮುಷ್ಟಿ ಪುಠಾಣಿ, ನಾಲ್ಕು ಹೆಂಟೆ ಸಕ್ಕರೆ ಇರಬೇಕು. ಏಕಾದಶಿ, ಸೋಮವಾರ ಉಪವಾಸ ಮಾಡುವವರ ಹೆಸರು ಹೊರಡುವ ಮೊದಲೇ ಬರೆದುಕೊಂಡರೆ ಅವತ್ತಿನ ಆರ್ಡರ್ ವ್ಯರ್ಥವಾಗುವುದಿಲ್ಲ.

ತಿರುಗಿ ಬರುವ ಎರಡು ಊಟದ ಎಂಟು ಗಂಟು, ಅಂದರೆ 160 ರೊಟ್ಟಿ, ಬೇರೆ ಡಬ್ಬಿಯಲ್ಲಿ ಹಾಕಿ ಟೇಪ್ ಹಚ್ಚಿ ಒಬ್ಬರ ಸ್ವಾಧೀನಕ್ಕೆ ಕೊಡುವುದು ಒಳ್ಳೆಯದು. ಕಾಶಿಯಲ್ಲಿ ಕಚೋರಿ, ಪೂರಿ ತಿಂದು ಬೇಸತ್ತ ಮೂರನೇ ದಿನ "ಒಂದ ರೊಟ್ಟಿ ಕೊಡ್ರಿ" ಅಂತ ಎಲ್ಲರೂ ಅದೇ ಡಬ್ಬಿ ಸುತ್ತ ಕೂಡುತ್ತಾರೆ. ಸ್ವಲ್ಪ ಗಟ್ಟಿ ಮನಸ್ಸಿನವರ ಕೈಯಲ್ಲೇ ಅದು ಇರಬೇಕು.