ಆಪರೇಷನ್ ಕೋಡ್ ಬೆಳೆದು ಬಂದ ದಾರಿ

ಆಸ್ಪತ್ರೆಯಲ್ಲಿ ಪತ್ತೆಯಾದ ರೋಗವನ್ನೂ ನಡೆದ ಶಸ್ತ್ರಚಿಕಿತ್ಸೆಯನ್ನೂ ಗೊತ್ತುಪಡಿಸಿದ ಅಕ್ಷರ, ಅಂಕಿಗಳಲ್ಲಿ ದಾಖಲಿಸುವುದೇ ಕ್ಲಿನಿಕಲ್ ಕೋಡಿಂಗ್. ಇಂಗ್ಲೆಂಡಿನಲ್ಲಿ ಇದರ ಬೇರು ಹತ್ತೊಂಬತ್ತನೆಯ ಶತಮಾನದ್ದು. ಆಗ ಒಂದೊಂದು ಆಸ್ಪತ್ರೆಯೂ ರೋಗಗಳಿಗೆ ತನಗೆ ತೋಚಿದ ಹೆಸರಿಟ್ಟು ಲೆಕ್ಕ ಬರೆಯುತ್ತಿತ್ತು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹೋಲಿಸುವಂತಿರಲಿಲ್ಲ. 1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಫ್ಲಾರೆನ್ಸ್ ನೈಟಿಂಗೇಲ್ ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆ ಇರಲಿ ಎಂಬ ಪ್ರಸ್ತಾವ ಇಟ್ಟರು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ರೋಗ ವರ್ಗೀಕರಣ ಅದಕ್ಕೆ ಆಧಾರವಾಗಿತ್ತು. 1863ರಲ್ಲಿ ನೈಟಿಂಗೇಲ್ ಶಸ್ತ್ರಚಿಕಿತ್ಸೆಗೆಂದೇ ಬೇರೆ ಕೋಷ್ಟಕಗಳನ್ನು ಸೂಚಿಸಿದರು. ಆಪರೇಷನ್ ಆಯಿತು, ರೋಗಿ ಬದುಕಿದ ಅಥವಾ ಸತ್ತ ಎಂದಷ್ಟೇ ಬರೆದರೆ ಅವರಿಗೆ ಸಾಲದು; ವಯಸ್ಸು, ಕಾರಣ, ನಂತರ ತಲೆದೋರಿದ ತೊಡಕು ಎಲ್ಲವೂ ಬೇಕು. ಈ ಕಸುಬಿನ ತಳಪಾಯ ಇದೇ.

ಬ್ರಿಟನ್ನಿನ ಇಂದಿನ ಆಪರೇಷನ್ ಕೋಡ್‌ಗಳಿಗೆ ಒಪಿಸಿಎಸ್-4 ಎಂದು ಹೆಸರು. ಒಂದು ಕಾಲಕ್ಕೆ ಅವನ್ನು ನೋಡಿಕೊಳ್ಳುತ್ತಿದ್ದ ಜನಗಣತಿ ಮತ್ತು ಸಮೀಕ್ಷೆ ಕಚೇರಿಯ ಹೆಸರಿನ ಮೊದಲಕ್ಷರಗಳು ಅವು. ಅಪೆಂಡಿಕ್ಸನ್ನು ತುರ್ತಾಗಿ ತೆಗೆದರೆ ಎಚ್01, ತುರ್ತಿಲ್ಲದೆ ತೆಗೆದರೆ ಎಚ್02. ಮಾಡಿದ್ದು ಬಲಬದಿಗೋ ಎಡಬದಿಗೋ ಎಂಬುದಕ್ಕೂ ಬೇರೆ ಬೇರೆ ಕೋಡ್ ಉಂಟು. ಕೋಡರ್ ರೋಗಿಯನ್ನು ಕಂಡವರಲ್ಲ, ಥಿಯೇಟರಿನಲ್ಲಿ ನಿಂತವರೂ ಅಲ್ಲ. ಅವರ ಕೈಗೆ ಸಿಗುವುದು ಕೇಸ್ ಶೀಟ್ ಮತ್ತು ಆಪರೇಷನ್ ನೋಟ್ಸ್. ಸರ್ಜನ್ ‘ತುರ್ತು’ ಎಂಬ ಒಂದು ಮಾತು ಬರೆಯದೆ ಬಿಟ್ಟರೆ ಕೋಡೇ ಬದಲಾಗುತ್ತದೆ.

1989ರಿಂದ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಒಳರೋಗಿಗಳ ಕೋಡ್‌ಗಳೆಲ್ಲ ‘ಹಾಸ್ಪಿಟಲ್ ಎಪಿಸೋಡ್ ಸ್ಟ್ಯಾಟಿಸ್ಟಿಕ್ಸ್’ ಎಂಬ ರಾಷ್ಟ್ರೀಯ ಕಡತಕ್ಕೆ ಸೇರತೊಡಗಿದವು. ಗುಮಾಸ್ತಿಕೆಯ ಈ ಲೆಕ್ಕದಲ್ಲಿ ತಪ್ಪೇ ಹೆಚ್ಚೆಂದು ವೈದ್ಯರು ಅದನ್ನು ನಂಬುತ್ತಿರಲಿಲ್ಲ. ಆ ಅಪನಂಬಿಕೆಗೆ ತೆತ್ತ ಬೆಲೆ ಬ್ರಿಸ್ಟಲ್ ಪ್ರಕರಣದಲ್ಲಿ ಬಯಲಾಯಿತು. ಅಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಬಗ್ಗೆ ಇಯಾನ್ ಕೆನಡಿ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿ 2001ರಲ್ಲಿ ಹೊರಬಂತು. 1991ರಿಂದ 1995ರ ನಡುವೆ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಒಂದು ವರ್ಷದೊಳಗಿನ ಕೂಸುಗಳ ಸಾವಿನ ಸಂಖ್ಯೆ ನಿರೀಕ್ಷೆಗಿಂತ 30ರಿಂದ 35 ಹೆಚ್ಚಾಗಿತ್ತು. ವಿಚಾರಣೆಗಾಗಿ ಸಂಖ್ಯಾಶಾಸ್ತ್ರಜ್ಞರು ಸರ್ಜನ್ನರದೇ ರಿಜಿಸ್ಟರ್ ಜೊತೆಗೆ ಆ ರಾಷ್ಟ್ರೀಯ ಕಡತವನ್ನೂ ಜಾಲಾಡಿದರು. ಎರಡೂ ಬೆರಳು ತೋರಿಸಿದ್ದು ಒಂದೇ ಕಡೆಗೆ. ಯಾರೂ ತೆರೆದು ನೋಡದ ಕೋಡ್‌ಗಳಲ್ಲಿ ಅಷ್ಟು ಎಳೆಯ ಜೀವಗಳ ಸುಳಿವು ಹುದುಗಿತ್ತು ಎಂಬುದು ನೋವಿನ ಸಂಗತಿ.

2003-04ರಿಂದ ಆಸ್ಪತ್ರೆಗಳ ಹಣವೂ ಈ ಕೋಡ್‌ಗಳ ಮೇಲೆ ನಿಂತಿತು. ಯಾವ ಚಿಕಿತ್ಸೆಗೆ ಎಷ್ಟು ಪಾವತಿ ಎಂಬುದನ್ನು ಕೋಡ್‌ಗಳ ಗುಂಪೇ ನಿರ್ಧರಿಸುತ್ತಿತ್ತು. ಹಾಗಾಗಿ ಆಡಿಟ್ ಕಮಿಷನ್ 2007-08ರಲ್ಲಿ ಆಸ್ಪತ್ರೆಗಳ ಕಡತಗಳನ್ನು ಮಾದರಿಯಾಗಿ ತೆಗೆದು ಪರಿಶೀಲಿಸಿತು. ಪಾವತಿಯ ಗುಂಪು ತಪ್ಪಿದ ಪ್ರಕರಣಗಳು ಸರಾಸರಿ ಶೇ 9.4. ಅಸ್ತವ್ಯಸ್ತವಾದ, ಅರೆಬರೆ ಬರೆದ ಕೇಸ್ ಶೀಟುಗಳು ಈ ತಪ್ಪುಗಳಿಗೆ ಒಂದು ಮುಖ್ಯ ಕಾರಣವಾಗಿದ್ದವು.